‘ಔಟ್‌ಲೈನ್’ ಒಂದು, ಗೆರೆ ಎರಡು: ಮುಳುಗಿದ ಹಡಗಿನ ಸೋನಾರ್ ಚಿತ್ರಕ್ಕೆ ಯಾವ ಪದ?

ಪ್ರಶ್ನೆ: ಕಡಲತಳದ ಸೋನಾರ್ (ಸದ್ದು ಬಿಟ್ಟು, ಅದರ ಮರುದನಿಯಿಂದ ಚಿತ್ರ ಮೂಡಿಸುವ ಉಪಕರಣ) ಚಿತ್ರದಿಂದ ಅಪರಿಚಿತ ಹಡಗನ್ನು ಪತ್ತೆಮಾಡುವ ಬಗೆಗಿನ ಬರಹವೊಂದರ ಅನುವಾದದಲ್ಲಿ ‘ರೆಕ್’, ‘ಶ್ಯಾಡೋ’, ‘ಔಟ್‌ಲೈನ್’ಗಳಿಗೆ ‘ನೌಕಾಘಾತ’, ‘ಛಾಯೆ’, ‘ಬಾಹ್ಯರೇಖೆ’ ಬಳಸಬಹುದೇ?

ಉತ್ತರ: ‘ನೌಕಾಘಾತ’ ಎಂದರೆ ನಡೆದ ಅವಘಡ, ತಳದಲ್ಲಿ ಬಿದ್ದಿರುವುದು ಭಗ್ನನೌಕೆ, ಇಲ್ಲವೇ ಸರಳವಾಗಿ ಮುಳುಗಿದ ಹಡಗು. ‘ಛಾಯೆ’ ಬಣ್ಣದ ಕಡೆಗೆ ಎಳೆಯುತ್ತದೆ, ‘ನೆರಳು’ ಸಾಕು. ಹಡಗಿನ ಮೈ ಅಡ್ಡಬಂದು ಸದ್ದು ತಲುಪದ ಜಾಗ ಅದು ಎಂದು ಮೊದಲ ಸಲ ಹೇಳಿಬಿಡಿ. ‘ಕಪ್ಪು ಭಾಗ’ ಮಾತ್ರ ಬೇಡ. ಕೆಲವು ಚಿತ್ರಗಳಲ್ಲಿ ನೆರಳೇ ಬಿಳಿ.

ತೊಡಕಿರುವುದು ‘ಬಾಹ್ಯರೇಖೆ’ಯಲ್ಲಿ. ದೋಣಿಯ ಹಿಂದೆ ಎಳೆದೊಯ್ದು ಇಕ್ಕೆಲಕ್ಕೂ ಸದ್ದು ಬಿಡುವ ಸೈಡ್‌ಸ್ಕ್ಯಾನ್ ಸೋನಾರ್‌ನ ಚಿತ್ರದಲ್ಲಿ ಮರುದನಿ ಮೂಡಿಸುವುದು ಮೇಲಿನಿಂದ ಕಂಡಂಥ ಆಕಾರ: ಉದ್ದ, ಅಗಲ. ನೆರಳಿನ ಅಂಚು ತೋರುವುದು ಪಕ್ಕದಿಂದ ಕಂಡಂಥದ್ದು: ಕೂವೆಮರ, ಹೊಗೆಕೊಳವೆ, ಎತ್ತರ. ಎಂಜಿನಿಯರಿಂಗ್ ನಕ್ಷೆಯ ‘ಮೇಲ್ನೋಟ’ ಇಲ್ಲಿ ಒದಗೀತು ಅನ್ನಿಸುತ್ತದೆ, ಆದರೆ ‘ಮೇಲ್ನೋಟಕ್ಕೆ ಇದು ಸರಕು ಹಡಗು’ ಎಂದು ಬರೆದರೆ ಅರ್ಥವೇ ಬೇರೆಯಾಯಿತು! ‘ಮರುದನಿಯ ಆಕಾರ’, ‘ನೆರಳಿನ ಆಕಾರ’ ಎಂದು ಬಿಡಿಸಿ ಬರೆಯುವುದೇ ಮೇಲು.

ಬಿಡಿಸಲೇಬೇಕು, ಏಕೆಂದರೆ ಎರಡರಲ್ಲೂ ತಪ್ಪು ನುಸುಳುವ ದಾರಿ ಬೇರೆ. ಎಳೆಯುವ ವೇಗದ ಲೆಕ್ಕ ತಪ್ಪಿದರೆ ದೋಣಿಯ ಓಟದ ದಿಕ್ಕಿನಲ್ಲಿ ಮರುದನಿಯ ಆಕಾರ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಅದಕ್ಕೇ ಒಂದಕ್ಕೊಂದು ಲಂಬವಾದ ಎರಡು ಓಟಗಳಲ್ಲಿ ಅಳೆಯುತ್ತಾರೆ. ಹೂಳು ತುಂಬಿದ್ದರೆ ಅಗಲ ಕಡಿಮೆ ಕಾಣುತ್ತದೆ. ಎತ್ತರಕ್ಕೆ ನೆರಳಿನ ಉದ್ದವನ್ನು ತಳದಿಂದ ಸೋನಾರ್‌ಗಿರುವ ಎತ್ತರದಿಂದ ಗುಣಿಸಿ, ಸೋನಾರ್‌ನಿಂದ ನೆರಳಿನ ತುದಿಗಿರುವ ಓರೆದೂರದಿಂದ ಭಾಗಿಸಬೇಕು. ನೆರಳು 15 ಮೀಟರ್, ಸೋನಾರ್ 10 ಮೀಟರ್ ಮೇಲೆ, ಓರೆದೂರ 75 ಮೀಟರ್ ಆದರೆ ಎತ್ತರ 2 ಮೀಟರ್. ಪ್ರವಾಹ ಕೊರೆದ ಗುಂಡಿಯೊಳಗೆ ನೆರಳಿನ ತುದಿ ಬಿದ್ದರೆ ಮಾತ್ರ ಎತ್ತರ ಸುಳ್ಳೇ ಹೆಚ್ಚಾಗುತ್ತದೆ.

ನೀವು ಕೇಳದ ಇನ್ನೊಂದು ಪದ, ‘ಪತ್ತೆ’. ಪತ್ತೆಯಾಗುವುದು ಬೇರೆ, ಗುರುತು ಹತ್ತುವುದು ಬೇರೆ. ನಮ್ಮ ಗೇರುಸೊಪ್ಪೆಯ ಹೆಸರು ಹೊತ್ತ ಸರಕು ಹಡಗು ‘ಎಸ್‌.ಎಸ್‌. ಗೇರ್‌ಸೊಪ್ಪ’ 1941ರ ಫೆಬ್ರುವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊಗೆ ಸಿಕ್ಕಿ ಐರ್ಲೆಂಡಿನ ನೈಋತ್ಯಕ್ಕೆ ಮುಳುಗಿತು. 2011ರಲ್ಲಿ ಸುಮಾರು 4,700 ಮೀಟರ್ ಆಳದಲ್ಲಿ ಸೋನಾರ್ ಅದನ್ನು ಪತ್ತೆಮಾಡಿತು. ಆದರೆ ಅದರಂತೆ ಸುಮಾರು 412 ಅಡಿ ಉದ್ದದ ಸರಕು ಹಡಗುಗಳೇನೂ ಅಪರೂಪವಲ್ಲ, ಉದ್ದವೊಂದರಿಂದಲೇ ಗುರುತು ಹತ್ತದು. ಗುರುತು ಸಿಕ್ಕಿದ್ದು ದೂರನಿಯಂತ್ರಿತ ಯಂತ್ರ ಇಳಿದ ಮೇಲೆ: ಸರಕುಗೂಡುಗಳ ಎಣಿಕೆ, ಅಡ್ಡಗೋಡೆಗಳ ಜಾಗ, ಲಂಗರಿನ ಬಗೆ, ಒಡಲಿನ ಬಣ್ಣ, ಚಹಾ ಸರಕು, ಇವೆಲ್ಲ ತಾಳೆಯಾದವು. ಅನುವಾದದಲ್ಲಿ ಸೋನಾರ್ ಹಂತದಲ್ಲೇ ‘ಗುರುತಿಸಲಾಯಿತು’ ಎಂದು ಬಂದಿದ್ದರೆ ಮೂಲವನ್ನು ಇನ್ನೊಮ್ಮೆ ನೋಡಿ.