4 ಇಂಚಿನ ಗ್ರೈಂಡರ್: ಸ್ಕ್ವೇರ್ ಪೈಪ್ ಕತ್ತರಿಸುವಾಗ ಡಿಸ್ಕ್ ಕಚ್ಚಿಕೊಂಡು ಮಷಿನ್ ಒದೆಯುತ್ತಿದೆ

ಗೇಟ್_ಕೆಲಸ:
ಗೇಟಿಗೆ 40×40 ಮಿ.ಮೀ, 2 ಮಿ.ಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪ್ ಕತ್ತರಿಸಬೇಕು. ಮಷಿನ್ 850 ವ್ಯಾಟ್, 11,000 ಆರ್‌ಪಿಎಂ. ಡಿಸ್ಕ್ 105×1×16 (ವ್ಯಾಸ, ದಪ್ಪ, ನಡುವಿನ ತೂತು, ಮಿ.ಮೀ.ನಲ್ಲಿ). 20 ಅಡಿ ಪೈಪನ್ನು ಎರಡು ತುದಿಗೆ ಸ್ಟೂಲ್ ಕೊಟ್ಟು ನಡುವೆ ಕತ್ತರಿಸುತ್ತಿದ್ದೇನೆ. ಅರ್ಧ ಇಳಿಯುವಷ್ಟರಲ್ಲಿ ಡಿಸ್ಕ್ ಕಚ್ಚಿಕೊಂಡು ಮಷಿನ್ ಎಗರುತ್ತೆ, ಕೆಲವು ಸಲ ಡಿಸ್ಕೇ ಚೂರಾಗುತ್ತೆ. ಗಾರ್ಡ್ (ಡಿಸ್ಕ್ ಮುಚ್ಚುವ ಲೋಹದ ಕವಚ) ಬಿಚ್ಚಿ 5 ಇಂಚಿನ ಡಿಸ್ಕ್ ಹಾಕಿದರೆ ಒಂದೇ ಸಲಕ್ಕೆ ಆಳ ಸಿಗುತ್ತೆ ಅಂತ ಅಂಗಡಿಯವರು ಹೇಳಿದರು. ಹಾಕಬಹುದಾ? ಮರಕ್ಕೂ ಇದೇ ಮಷಿನ್‌ಗೆ ಹಲ್ಲಿನ ಬ್ಲೇಡ್ ಬರುತ್ತಂತೆ.

ಫ್ಯಾಬ್ರಿಕೇಶನ್_ತುಮಕೂರು:
ಸರ್, ಗಾರ್ಡ್ ಬಿಚ್ಚಿದ್ದರೆ ಮೊದಲು ವಾಪಸ್ ಹಾಕಿ, ಆಮೇಲೆ ಮುಂದೆ ಓದಿ.

ತಪ್ಪು ಮಷಿನ್‌ದಲ್ಲ, ಪೈಪ್ ಇಟ್ಟಿರುವ ರೀತಿಯದು. ಆ ಪೈಪ್ ಸುಮಾರು 14 ಕೆಜಿ ತೂಗುತ್ತೆ. ಎರಡು ತುದಿಗೆ ಮಾತ್ರ ಆಸರೆ ಇದ್ದರೆ, ಕಟ್ ಆಳವಾದಂತೆ ನಡುಭಾಗ ಕೆಳಗೆ ಜಗ್ಗುತ್ತೆ. ಆಗ ಸೀಳಿನ ಮೇಲ್ಬಾಯಿ ಮುಚ್ಚಿಕೊಳ್ಳುತ್ತೆ. 1 ಮಿ.ಮೀ ಡಿಸ್ಕ್ ಅದರೊಳಗೆ ಸಿಕ್ಕಿಬಿದ್ದ ಕ್ಷಣವೇ ತಿರುಗುವ ಬಲವೆಲ್ಲ ಮಷಿನ್ ಮೇಲೆ ಬರುತ್ತೆ. ನೀವು ಹೇಳುವ ಒದೆತ ಅದೇ.

ಸಣ್ಣ ತುಂಡು ಬೇಕಿದ್ದರೆ ಉದ್ದದ ಭಾಗವನ್ನು ವೈಸ್‌ಗೋ ಸಿ-ಕ್ಲ್ಯಾಂಪ್‌ಗೋ ಬಿಗಿದು, ಕತ್ತರಿಸಿ ಬೀಳುವ ಭಾಗ ಟೇಬಲ್‌ನಿಂದ ಹೊರಗೆ ಚಾಚಿರಲಿ. ಗುರುತು ಕ್ಲ್ಯಾಂಪ್‌ನಿಂದ ಒಂದು ಗೇಣಿನೊಳಗೆ ಇರಲಿ. ಅದಕ್ಕಿಂತ ದೂರವಾದರೆ ಪೈಪ್ ನಡುಗಿ ಡಿಸ್ಕ್ ಅಂಚು ಕಿತ್ತುಹೋಗುತ್ತೆ. ಹೀಗಿಟ್ಟರೆ ತುಂಡು ತನ್ನ ಭಾರಕ್ಕೆ ಬಗ್ಗಿದಾಗ ಮೇಲಿನ ಸೀಳು ಅಗಲವಾಗುತ್ತೆ, ಡಿಸ್ಕ್ ಸಡಿಲವಾಗಿಯೇ ಓಡುತ್ತೆ. ಉದ್ದದ ಪೈಪನ್ನು ನಡುವಿನಲ್ಲೇ ಕತ್ತರಿಸಬೇಕಾದರೆ ನಾಲ್ಕು ಆಸರೆ ಬೇಕು: ಗುರುತಿನ ಎಡಕ್ಕೂ ಬಲಕ್ಕೂ ಹತ್ತಿರದಲ್ಲಿ ಒಂದೊಂದು, ತುದಿಗಳಿಗೆ ಒಂದೊಂದು.

ಇನ್ನು ಆಳದ ವಿಷಯ. 105 ಮಿ.ಮೀ ಡಿಸ್ಕ್‌ನಲ್ಲಿ ಫ್ಲೇಂಜ್ (ಡಿಸ್ಕ್ ಕೂರುವ ಬಿಲ್ಲೆ), ಗೇರ್ ಹೆಡ್ (ಮಷಿನ್‌ನ ತಲೆಭಾಗ) ಕಳೆದರೆ 40 ಮಿ.ಮೀ ಆಳ ಸಿಗುವುದೇ ಇಲ್ಲ. ಬೇಕಾಗಿಯೂ ಇಲ್ಲ, ಏಕೆಂದರೆ ನೀವು ಕತ್ತರಿಸಬೇಕಾದ ಗೋಡೆ ಬರೀ 2 ಮಿ.ಮೀ. ಮಟ್ಟಗೋಲು ಹಿಡಿದು ನಾಲ್ಕೂ ಮುಖಕ್ಕೆ ಗೀಟು ಹಾಕಿ. ಮೇಲಿನ ಮುಖ ಕತ್ತರಿಸಿ, ಪೈಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬಿಗಿದು, ಮುಂದಿನ ಮುಖ ಕತ್ತರಿಸಿ. ಯಾವಾಗಲೂ ಮೇಲಿರುವ ಮುಖವನ್ನೇ ಕತ್ತರಿಸುತ್ತೀರಿ. ಆಳಕ್ಕಾಗಿ ಮಷಿನ್ ಓರೆ ಮಾಡುವ ಚಟ ತಪ್ಪುತ್ತೆ. ತೆಳು ಡಿಸ್ಕ್ ಮುರಿಯುವುದು ಆ ಪಕ್ಕದ ಒತ್ತಡಕ್ಕೇ. ಕತ್ತರಿಸಿದ ಅಂಚಿನ ಬರ್ (ಚೂಪಾದ ಎಳೆ) ತೆಗೆಯಲೂ ಇದನ್ನು ಬಳಸಬೇಡಿ, ಅದಕ್ಕೆ 6 ಮಿ.ಮೀ ಗ್ರೈಂಡಿಂಗ್ ವೀಲ್ ಇದೆ.

ಟೂಲ್_ರಿಪೇರಿ:
5 ಇಂಚಿನ ಡಿಸ್ಕ್ ಖಂಡಿತ ಬೇಡ. ಸಾಮಾನ್ಯವಾಗಿ ಅದರ ತೂತು 22.23 ಮಿ.ಮೀ, ನಿಮ್ಮ ಫ್ಲೇಂಜ್ 16. ರಿಂಗ್ ಇಟ್ಟು ಕೂರಿಸಿದರೆ ಕೇಂದ್ರ ತಪ್ಪಿ ನಡುಗುತ್ತೆ. ನಿಮ್ಮ ಈಗಿನ ಡಿಸ್ಕಿನ ಅಂಚೇ 11,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 60 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ ಮೀರಿ ಓಡುತ್ತೆ. ಚೂರಾದರೆ ತುಂಡು ಹೊರಡುವುದು ಅದೇ ವೇಗದಲ್ಲಿ. ಅದಕ್ಕೂ ನಿಮ್ಮ ಮುಖಕ್ಕೂ ಮಧ್ಯೆ ಇರುವುದು ಗಾರ್ಡ್ ಒಂದೇ. ಗಾರ್ಡಿನ ಮುಚ್ಚಿದ ಭಾಗ ನಿಮ್ಮ ಕಡೆಗಿರಲಿ.

ಡಿಸ್ಕ್ ಮೇಲೆ 80 ಮೀ/ಸೆ ಮತ್ತು ಗರಿಷ್ಠ ಆರ್‌ಪಿಎಂ ಅಚ್ಚಾಗಿರುತ್ತೆ. ಆ ಆರ್‌ಪಿಎಂ ಮಷಿನ್‌ಗಿಂತ ಹೆಚ್ಚಿರಲೇಬೇಕು. ಒಳ್ಳೆ ಡಿಸ್ಕಿನ ನಡುವಿನ ತಗಡಿನ ರಿಂಗ್ ಮೇಲೆ ಅವಧಿ ಮುಗಿಯುವ ತಿಂಗಳು-ವರ್ಷವೂ ಇರುತ್ತೆ, ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ. ಇದನ್ನು ಯಾರೂ ನೋಡುವುದಿಲ್ಲ, ದಯವಿಟ್ಟು ನೋಡಿ. ರಾಳದಿಂದ ಕಟ್ಟಿದ ಡಿಸ್ಕ್ ತೇವ ಹೀರಿದರೆ ಬಲ ಕಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ಶೆಡ್‌ನ ನೆಲದ ಮೇಲೆ ಬಿದ್ದಿದ್ದನ್ನು ಎಸೆಯಿರಿ.

ನಟ್ ಕೂಡ ನೋಡಿ. ಅದರ ಒಂದು ಮುಖದಲ್ಲಿ ಉಬ್ಬು ಇರುತ್ತೆ. ತೆಳು ಡಿಸ್ಕಿಗೆ ಆ ಉಬ್ಬು ಒಳಮುಖವಾದರೆ ಕೆಳಗಿನ ಫ್ಲೇಂಜಿಗೆ ತಾಗಿ ನಿಲ್ಲಬಹುದು. ನಟ್ ಬಿಗಿಯಾದಂತೆ ಅನಿಸುತ್ತೆ, ಡಿಸ್ಕ್ ಮಾತ್ರ ಜಾರುತ್ತೆ. ಹಾಗಿದ್ದರೆ ನಟ್ ತಿರುಗಿಸಿ ಚಪ್ಪಟೆ ಮುಖ ಡಿಸ್ಕಿಗೆ ಕೂರಿಸಿ. ಇದೆಲ್ಲ ಪ್ಲಗ್ ಕಿತ್ತ ಮೇಲೆ. ಹೊಸ ಡಿಸ್ಕ್ ಹಾಕಿದಾಗ ಅದರ ನೇರಕ್ಕೆ ಯಾರೂ ಇಲ್ಲದ ಕಡೆ ಒಂದು ನಿಮಿಷ ಖಾಲಿ ಓಡಿಸಿ.

ಮರಗೆಲಸ_ಶಿರಸಿ:
ಹಲ್ಲಿನ ಬ್ಲೇಡ್ ಬಗ್ಗೆ: ಬೇಡ, ಯಾವ ಕಾರಣಕ್ಕೂ ಬೇಡ. ಕಟಿಂಗ್ ಡಿಸ್ಕ್ ಸವೆಸುತ್ತೆ, ಹಲ್ಲು ಕಚ್ಚಿ ಎಳೆಯುತ್ತೆ. ಮರದ ಗಂಟು ಸಿಕ್ಕಿದರೆ ಮಷಿನ್ ಕೈಮೀರಿ ತೊಡೆಗೋ ಕುತ್ತಿಗೆಗೋ ಬರುತ್ತೆ, ಸ್ಲೈಡ್ ಸ್ವಿಚ್ ಲಾಕ್ ಆಗಿದ್ದರೆ ಕೈಬಿಟ್ಟರೂ ಓಡುತ್ತಲೇ ಇರುತ್ತೆ. ಮರಕ್ಕೆ 7 ಇಂಚಿನ ಸರ್ಕ್ಯುಲರ್ ಸಾ ತೆಗೆದುಕೊಳ್ಳಿ. ಸುಮಾರು 5,000 ಆರ್‌ಪಿಎಂ, ಕೆಳಗೆ ಬೇಸ್ ಪ್ಲೇಟ್, ತಾನಾಗಿ ಮುಚ್ಚಿಕೊಳ್ಳುವ ಗಾರ್ಡ್ ಇರುತ್ತೆ.

ಕರೆಂಟ್ ಹೋದರೂ ಇದೇ ಸ್ವಿಚ್ ತೊಂದರೆ. ಸ್ವಿಚ್ ಆನ್‌ನಲ್ಲೇ ಬಿಟ್ಟು ಚಹಾಕ್ಕೆ ಹೋದರೆ, ಕರೆಂಟ್ ಬಂದಾಗ ಮಷಿನ್ ಟೇಬಲ್ ಮೇಲೆ ಓಡಲು ಶುರುವಾಗುತ್ತೆ. ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಹೊಸದು ಕೊಳ್ಳುವವರು ಒತ್ತಿ ಹಿಡಿದಾಗ ಮಾತ್ರ ಓಡುವ ಪ್ಯಾಡಲ್ ಸ್ವಿಚ್‌ನದನ್ನೇ ಕೇಳಿ.

ಗೇಟ್_ಕೆಲಸ:
ವೈಸ್‌ಗೆ ಬಿಗಿದು ಒಂದೊಂದೇ ಮುಖ ಕತ್ತರಿಸಿದೆ, ಈಗ ಕಚ್ಚುತ್ತಿಲ್ಲ. ನಟ್ ಉಲ್ಟಾ ಇತ್ತು, ಸರಿಮಾಡಿದೆ. ಒಂದು ಅನುಮಾನ: ಮಷಿನ್ ಮುಂದಕ್ಕೆ ತಳ್ಳಬೇಕಾ, ನನ್ನ ಕಡೆ ಎಳೆಯಬೇಕಾ? ಒಂದು ಕಡೆ ಸರಿಸಿದರೆ ತಾನೇ ಓಡಿಹೋಗುತ್ತೆ.

ಫ್ಯಾಬ್ರಿಕೇಶನ್_ತುಮಕೂರು:
ಕಿಡಿ ಹಾರುವ ದಿಕ್ಕಿಗೇ ಸರಿಸಿ. ಕಿಡಿ ನಿಮ್ಮ ಕಡೆ ಬಂದರೆ ಎಳೆಯಿರಿ, ಆಚೆ ಹೋದರೆ ತಳ್ಳಿ. ಆಗ ಡಿಸ್ಕ್ ನಿಮ್ಮ ಕೈಗೆ ಎದುರಾಗಿ ಕೆಲಸ ಮಾಡುತ್ತೆ. ಉಲ್ಟಾ ಸರಿಸಿದರೆ ಡಿಸ್ಕ್ ಪೈಪ್ ಮೇಲೆ ಹತ್ತಿ ಓಡುತ್ತೆ, ನೀವು ನೋಡಿದ್ದು ಅದನ್ನೇ. ಪಕ್ಕದ ಹಿಡಿ ಹಾಕಿ ಎರಡೂ ಕೈಲಿ ಹಿಡಿಯಿರಿ, ಡಿಸ್ಕಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಪೂರ್ತಿ ವೇಗ ಬಂದ ಮೇಲೆ ಸೀಳಿಗೆ ಇಳಿಸಿ. ಮತ್ತೆ ಕಚ್ಚಿದರೆ ಎಳೆದಾಡದೆ ಆಫ್ ಮಾಡಿ, ನಿಂತ ಮೇಲೆ ತೆಗೆಯಿರಿ.

ಸೇಫ್ಟಿ ಕನ್ನಡಕದ ಮೇಲೆ ಫೇಸ್ ಶೀಲ್ಡ್ ಹಾಕಿ. ಕೈಗೆ ಸರಿಯಾಗಿ ಕೂರುವ ಚರ್ಮದ ಗ್ಲೌಸ್ ಸಾಕು, ನೂಲಿನ ಗ್ಲೌಸಿನ ಎಳೆ ಡಿಸ್ಕಿಗೆ ಸುತ್ತಿಕೊಳ್ಳುತ್ತೆ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಪೈಂಟ್, ಥಿನ್ನರ್ ಡಬ್ಬ, ಮರದ ಹೊಟ್ಟು ಕಿಡಿಯ ದಾರಿಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ.