ವಿರಹಕ್ಕೆ ಹೊಟ್ಟೆ ಅಡ್ಡ

ಕವಿಗೋಷ್ಠಿಯಿಂದ ನಮ್ಮ ಕವಿಗಳು ಮುಖ ಊದಿಸಿಕೊಂಡು ಬಂದರು. ಮೇಷ್ಟ್ರೂ ನಾನೂ ಅವರ ಮನೆಯಲ್ಲೇ ಕಾಯುತ್ತಿದ್ದೆವು.

"ವಿರಹದ ಕವನ ಓದಿದೆ ಕಣ್ರೀ. ಜನ ನಕ್ಕುಬಿಟ್ಟರು!"

"ಯಾವ ಸಾಲಿಗೆ?"

"ಸೊರಗಿ ಸೊರಗಿ ವಿರಹದಲ್ಲಿ ಕಡ್ಡಿಯಾದೆ ನಲ್ಲೆ."

ಮೇಷ್ಟ್ರು ಕವಿಗಳ ಹೊಟ್ಟೆ ನೋಡಿದರು. ನಾನು ಮೇಷ್ಟ್ರ ಮುಖ ನೋಡಿದೆ. ಆಮೇಲೆ ಇಬ್ಬರೂ ಕಿಟಕಿ ಕಡೆ ತಿರುಗಿದೆವು.

"ಕಾಳಿದಾಸನ ಮೇಘದೂತದ ಯಕ್ಷನೂ ಸೊರಗಿದ್ದ," ಎಂದರು ಮೇಷ್ಟ್ರು. "ಕೆಲವೇ ತಿಂಗಳಲ್ಲಿ ಮುಂಗೈಯ ಚಿನ್ನದ ಬಳೆ ಜಾರಿಬಿದ್ದಿತ್ತು. ನಿಮ್ಮ ವಾಚಿನ ಪಟ್ಟಿ ನೋಡಿದರೆ ಕೊನೆಯ ತೂತಿಗೆ ಬಂದಿದೆಯಲ್ರೀ!"

"ಕವನಕ್ಕೂ ವಾಚಿಗೂ ಏನು ಸಂಬಂಧ?"

"ಪುಸ್ತಕದಲ್ಲಿ ಇಲ್ಲ, ವೇದಿಕೆಯಲ್ಲಿ ಇದೆ. ಅಲ್ಲಿ ಕವಿಯ ಮೈಯೂ ಒಂದು ಸಾಲು. ನಿಮ್ಮದಂತೂ ಎರಡು ಸಾಲು. ಅದಿರಲಿ, ವಿರಹ ಅಂತೀರಲ್ಲ, ಮನೆಯವರು ಒಳಗೇ ಇದ್ದಾರಲ್ಲ?"

"ಮೆಲ್ಲಗೆ ಮಾತಾಡಿ," ಎಂದರು ಕವಿಗಳು.

ನಾನು ಸಮಾಧಾನ ಮಾಡಲು ಹೋದೆ. "ಪ್ರೀತಿಯ ಕವನಕ್ಕೆ ನಗು ಬಂದರೆ ತಪ್ಪೇನು? ಷೇಕ್ಸ್‌ಪಿಯರನ 130ನೇ ಸಾನೆಟ್ ನೋಡಿ. 1609ರಲ್ಲಿ ಅಚ್ಚಾಗಿದ್ದು. ನನ್ನವಳ ಕಣ್ಣು ಸೂರ್ಯನ ಹಾಗಿಲ್ಲ, ಕೂದಲು ತಂತಿ, ಉಸಿರು ಸುಗಂಧವೇನಲ್ಲ ಅಂತ 12 ಸಾಲು ಬೈದಂತೆ ಮಾಡಿ, ಕೊನೆಯ 2 ಸಾಲಲ್ಲಿ ಆದರೂ ಅವಳಂಥವಳು ಅಪರೂಪ ಅಂತಾನೆ."

"ಆ 12 ಸಾಲು ಮುಗಿಯುವ ತನಕ ಅವಳು ಕೂತಿರಬೇಕಲ್ಲ!" ಎಂದರು ಕವಿಗಳು. ಅದೂ ನಿಜ.

ಮೇಷ್ಟ್ರಿಗೆ ಹುಮ್ಮಸ್ಸು ಬಂತು. "ಉರ್ದು ಕವಿಗೋಷ್ಠಿ, ಅಂದರೆ ಮುಶಾಯಿರಾದಲ್ಲಿ ನೋಡಿ. ಶೇರ್ ಅಂದರೆ ಎರಡೇ ಸಾಲು. ಕವಿ ಮೊದಲ ಸಾಲು ಹೇಳಿ ನಿಲ್ಲಿಸುತ್ತಾನೆ. ಮತ್ತೆ ಅದನ್ನೇ ಹೇಳುತ್ತಾನೆ. ಕೇಳುವವರೂ ಜೊತೆಗೆ ಹೇಳುತ್ತಾರೆ. ಎರಡನೆಯ ಸಾಲಿಗೆ ಎಲ್ಲರೂ ಬಾಯಿಬಿಟ್ಟುಕೊಂಡು ಕಾಯಬೇಕು. ಪ್ರೀತಿ ನನ್ನನ್ನು ಕೆಲಸಕ್ಕೆ ಬಾರದವನನ್ನಾಗಿ ಮಾಡಿತು ಅಂತಾನೆ ಗಾಲಿಬ್. ಅಯ್ಯೋ ಪಾಪ, ಅಲ್ವಾ? ಆಮೇಲೆ ಬರುತ್ತೆ: ಇಲ್ಲದಿದ್ದರೆ ನಾನೂ ಕೆಲಸಕ್ಕೆ ಬರುವ ಮನುಷ್ಯನೇ ಆಗಿದ್ದೆ! ತನ್ನನ್ನೇ ಆಡಿಕೊಳ್ಳೋದು. ಜನ ಖುಷಿಯಾದರೆ ಮುಕರ್ರರ್ ಅಂತ ಕೂಗುತ್ತಾರೆ. ಇನ್ನೊಮ್ಮೆ ಅಂತ."

"ನನಗೂ ಒಬ್ಬರು ಕೂಗಿದರು," ಎಂದರು ಕವಿಗಳು. "ಇನ್ನೊಬ್ಬರನ್ನು ಕರೀರಿ ಅಂತ."

ಕೆಲವು ಕವಿಗಳು ಹಾಸ್ಯದ ಸಾಲು ಬರುವ ಮೊದಲೇ ತಾವೇ ನಗುತ್ತಾರೆ. ಇನ್ನು ಕೆಲವರು ಹೇಳಿದ ಮೇಲೆ ಅರ್ಥ ಬಿಡಿಸುತ್ತಾರೆ. ನಮ್ಮ ಕವಿಗಳು ಇವೆರಡನ್ನೂ ಮಾಡುವುದಿಲ್ಲ. ಅವರದು ಗಡಿಬಿಡಿ. 20 ಸಾಲನ್ನು ಒಂದೇ ಉಸಿರಿಗೆ ಓದಿ ಕೂತುಬಿಡುತ್ತಾರೆ, ರೈಲು ಹೊರಟುಬಿಟ್ಟಿತೇನೋ ಅನ್ನುವ ಹಾಗೆ.

"ಈಗ ನಿಲ್ಲಿಸಿ ಹೇಳಿ ನೋಡೋಣ," ಎಂದರು ಮೇಷ್ಟ್ರು.

ಕವಿಗಳು ಎದ್ದು ನಿಂತರು. ಅಂಗಿ ಸರಿಮಾಡಿಕೊಂಡರು. "ಸೊರಗಿ ಸೊರಗಿ ವಿರಹದಲ್ಲಿ ಕಡ್ಡಿಯಾದೆ ನಲ್ಲೆ..."

ನಿಂತರು.

"ಸೊರಗಿ ಸೊರಗಿ ವಿರಹದಲ್ಲಿ..." ನಾವೂ ದನಿಗೂಡಿಸಿದೆವು. "ಕಡ್ಡಿಯಾದೆ ನಲ್ಲೆ..."

ಮತ್ತೆ ನಿಂತರು. ಮುಂದಿನ ಸಾಲು ಅವರಿಗೆ ಮರೆತೇಹೋಗಿತ್ತು.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಕಿತ್ತ ಗುಂಡಿ ಹೊಲಿದು ಹೊಲಿದು ಸೋತೆ ನಾನು ಇಲ್ಲೆ!"

"ಮುಕರ್ರರ್!" ಮೇಷ್ಟ್ರೂ ನಾನೂ ಒಟ್ಟಿಗೇ ಕೂಗಿದೆವು. ಕವಿಗಳು ಮಾತಾಡಲಿಲ್ಲ. ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು.