ಅಪ್‌ಡೇಟ್: ರೀಫ್ ಟ್ಯಾಂಕಿನ ಕಲ್ಲು ಮರುಜೋಡಣೆ ಮುಗಿಯಿತು

ಹಳೇ ರೀಫ್ ಟ್ಯಾಂಕಿನಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಗೋಡೆ ಥರ ಪೇರಿಸಿದ್ದ ಲೈವ್ ರಾಕ್ (ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಇರುವ ಕಲ್ಲು) ಬಿಚ್ಚಿ ಮತ್ತೆ ಜೋಡಿಸಬಹುದಾ ಅಂತ ಕೇಳಿದ್ದೆ. ಮಾಡಿ ಮುಗಿಸಿದೆ! ನೀವು ಹೇಳಿದ ಹಾಗೆ ಕಲ್ಲುಗಳನ್ನು ಒಣಗಲು ಬಿಡದೆ, ಟ್ಯಾಂಕಿನದೇ ನೀರು ತುಂಬಿದ ಟಬ್‌ಗಳಲ್ಲಿ ಹೀಟರ್, ಪಂಪ್ ಹಾಕಿ ಇಟ್ಟೆ. ಒಳಗಿನ ಬ್ಯಾಕ್ಟೀರಿಯಾ ಉಳಿಯಬೇಕಲ್ವಾ. ಮರಳನ್ನು ಆದಷ್ಟು ಕೆದಕಲಿಲ್ಲ. ಹಿಂದಿನ ಮೂಲೆಯಲ್ಲಿ ಗಾಜಿನ ಪಕ್ಕ ಕಪ್ಪು ಪಟ್ಟೆ ಇತ್ತು, ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಸೇರಿಕೊಳ್ಳುವುದು ಅಂಥ ಜಾಗದಲ್ಲೇ.

ಈಗ ಎರಡು ಗುಡ್ಡ, ನಡುವೆ ಎಪಾಕ್ಸಿ ಅಂಟು ಹಾಕಿ ನಿಲ್ಲಿಸಿದ ಕಮಾನು. ಕಲ್ಲಿನ ಹಿಂದೆಯೂ ನೀರು ಚೆನ್ನಾಗಿ ಓಡುತ್ತದೆ. ಹೊಸ ನೀರನ್ನು 1.025 ಸಾಂದ್ರತೆಗೆ ಹೊಂದಿಸಿದ್ದೆ. ನೀರಿನಲ್ಲಿ ಜೀವಿಗಳಿಗೆ ವಿಷವಾದ ಅಮೋನಿಯಾ ಸೊನ್ನೆ. ಮುದುಡಿದ್ದ ಹ್ಯಾಮರ್ ಕೋರಲ್ (ಒಂದು ಬಗೆಯ ಹವಳ) ಪೂರ್ತಿ ಅರಳಿದೆ, ತುದಿಗಳ ಹಸಿರು ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ.

ಝೋವಾಂಥಿಡ್ (ಹವಳದ ಹತ್ತಿರದ ಸಂಬಂಧಿ ಜೀವಿ) ಇರುವ ಕಲ್ಲು ಮುಟ್ಟುವವರು ಕೈಗವಸು, ಕನ್ನಡಕ ಹಾಕಲೇಬೇಕು. ಅವುಗಳಲ್ಲಿ ಇರಬಹುದಾದ ಪಾಲಿಟಾಕ್ಸಿನ್ ತುಂಬಾ ಅಪಾಯಕಾರಿ ವಿಷ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.